ಎರಡು ನಿಮಿಷದ ಸುಳ್ಳು

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಶ್ರಾವ್ಯಾ ರೇಡಿಯೊಥೆರಪಿ ಟೆಕ್ನಿಶಿಯನ್ ಕೋರ್ಸಿಗೆ ಸೇರಿದ್ದಾಳೆ. ಕಾಂದಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿ, "ಅಂಕಲ್, ನೀವು ಲೈಫ್ ಪೂರಾ ಇದೇ ಕೆಲ್ಸ ಮಾಡಿದ್ದಲ್ವಾ? ಆಕ್ಚುಲಿ ಹೇಗೆ ಇರ್ತದೆ, ಬರ್ದು ಕೊಡಿ ನಾ. ಬುಕ್‌ನಲ್ಲಿ ಸಬ್ ಬೋರಿಂಗ್ ಹೈ" ಎಂದಳು. ಕನ್ನಡದಲ್ಲಿ ಬರೆದರೆ ಓದುತ್ತೀಯಾ ಎಂದು ಕೇಳಿದೆ. "ಮಮ್ಮಿ ಓದಿ ಹೇಳ್ತಾಳೆ" ಎಂದಳು. ಹಾಗಾಗಿ ಇದು ಶ್ರಾವ್ಯಾಳಿಗೆ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ, ಮತ್ತು ಓದಿ ಹೇಳುವ ಕಷ್ಟ ಹೊತ್ತ ಅವಳ ಅಮ್ಮನಿಗೆ.

ಮೊದಲು ಬಡ್ತಿಯ ವಿಷಯ ಮುಗಿಸಿಬಿಡುತ್ತೇನೆ. ನನಗೆ ಎರಡು ಬಡ್ತಿ ಸಿಕ್ಕವು. ಮೊದಲನೆಯದರಲ್ಲಿ ಕುರ್ಚಿಗೆ ಕೈ ಬಂತು, ಎರಡನೆಯದರಲ್ಲಿ ಚಕ್ರ ಬಂತು. ಅದಕ್ಕಿಂತ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಉಡುಪಿ ಕಡೆಯಿಂದ ಮುಂಬಯಿಗೆ ಬಂದವರೆಲ್ಲ ಹೋಟೆಲಿಗೆ ಸೇರುತ್ತಿದ್ದ ಕಾಲದಲ್ಲಿ ನಾನೂ ಮಲಾಡಿನಲ್ಲಿ ಮಾವನ ಹೋಟೆಲಿಗೆ ಬಂದೆ. ಆರು ತಿಂಗಳಲ್ಲಿ ನಾಲ್ಕು ಡಜನ್ ಗ್ಲಾಸು ಒಡೆದ ಮೇಲೆ ಮಾವನೇ, "ನೀನು ಓದಲಿಕ್ಕೆ ಹೋಗು ಮಾರಾಯ, ಹೋಟೆಲು ಉಳೀಲಿ" ಎಂದು ಕೈಮುಗಿದರು. ಹೀಗೆ ಕ್ಯಾನ್ಸರ್ ಗಡ್ಡೆಗೆ ಯಂತ್ರದಿಂದ ಕಿರಣ ಬಿಡುವ ಈ ಕೆಲಸ ಕಲಿತು, ನಗರದ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿದೆ. ಅಲ್ಲಿ ನಾನು ಒಡೆದದ್ದು ಕಡಿಮೆ. ಆದರೆ ಒಂದು ಸಲ ಒಡೆಯಬಾರದ್ದನ್ನೇ ಒಡೆದೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಕೆಲಸ ಏನೆಂದರೆ, ರೋಗಿಯನ್ನು ಮೇಜಿನ ಮೇಲೆ ಮಲಗಿಸಬೇಕು. ತಲೆ ಅಥವಾ ಗಂಟಲಿನ ಗಡ್ಡೆಯಾದರೆ ಮುಖಕ್ಕೆ ಮಾಸ್ಕು ಹಾಕಬೇಕು. ಮಾಸ್ಕು ಎಂದರೆ ಕೋವಿಡ್ಡಿನ ಬಟ್ಟೆಯಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವ ತೂತುತೂತಿನ ಪ್ಲಾಸ್ಟಿಕ್ ಹಾಳೆ. ಅದನ್ನು ಮುಖದ ಮೇಲೆ ಎಳೆದು ಒತ್ತಿದರೆ ಮೂಗು, ಗದ್ದದ ಅಚ್ಚು ಮೂಡಿ ಗಟ್ಟಿಯಾಗುತ್ತದೆ. ಪ್ರತಿದಿನ ಅದೇ ಅಚ್ಚನ್ನು ಮುಖಕ್ಕೆ ಹಾಕಿ ಮೇಜಿಗೆ ಕ್ಲಿಪ್ಪು ಹೊಡೆಯುತ್ತೇವೆ. ತಲೆ ಕೂದಲೆಳೆಯಷ್ಟೂ ಅಲುಗಬಾರದು. ಆಮೇಲೆ ನಾವೆಲ್ಲ ಹೊರಗೆ ಬಂದು ದಪ್ಪ ಬಾಗಿಲು ಮುಚ್ಚುತ್ತೇವೆ. ಒಳಗೆ ರೋಗಿ ಒಬ್ಬನೇ. ನಾವು ಹೊರಗೆ ಟಿವಿ ಪರದೆಯಲ್ಲಿ ನೋಡುತ್ತ ಮೈಕಿನಲ್ಲಿ ಮಾತಾಡುತ್ತೇವೆ.

ಆ ಮೈಕಿನಲ್ಲಿ ಏನು ಹೇಳಬೇಕೆಂದು ನನಗೆ ಕಲಿಸಿದವರು ಫರ್ನಾಂಡಿಸ್ ಸರ್. ನನ್ನ ಮೊದಲ ಮೇಲಧಿಕಾರಿ, ಕೈಚಳಕದಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. "ಎಲ್ಲರಿಗೂ ಒಂದೇ ಮಾತು ಹೇಳು ವಸಂತ್: ಬಸ್, ದೋ ಮಿನಿಟ್" ಎನ್ನುತ್ತಿದ್ದರು. ಹತ್ತು ನಿಮಿಷದ್ದಾದರೂ ಎರಡು, ಹದಿನೈದರದ್ದಾದರೂ ಎರಡು. ಮುಂಬಯಿಯಲ್ಲಿ ಇಡೀ ಊರೇ ಎರಡು ನಿಮಿಷವೆಂದು ಹೇಳಿ ಅರ್ಧ ಗಂಟೆ ಕಾಯಿಸುತ್ತದೆ, ಯಾರೂ ಅದನ್ನು ಸುಳ್ಳೆಂದು ಎಣಿಸುವುದಿಲ್ಲ. ನಾನೂ ಎಣಿಸಲಿಲ್ಲ. ಹದಿನೆಂಟು ವರ್ಷ ಹಾಗೆಯೇ ಹೇಳುತ್ತ ಬಂದೆ.

ಆಮೇಲೆ ರುಕ್ಸಾನಾ ಬಂದಳು.

ಏಳು ವರ್ಷದ ಮಗು. ತಲೆಯ ಹಿಂಭಾಗದ ಗಡ್ಡೆಗೆ ಆಪರೇಷನ್ ಆಗಿ, ಉಳಿದದ್ದನ್ನು ಸುಡಲು ನಮ್ಮ ಹತ್ತಿರ ಕಳಿಸಿದ್ದರು. ಮೂವತ್ತು ಸಲ ಬರಬೇಕು, ವಾರಕ್ಕೆ ಐದು ದಿನ. ಅಪ್ಪ ಧಾರಾವಿಯಲ್ಲಿ ಚರ್ಮದ ಬೆಲ್ಟು ಮಾಡುವ ಕಾರ್ಖಾನೆಯಲ್ಲಿದ್ದ. ಮೂಲ ವಿಜಯಪುರದ ಕಡೆ. ಮನೆಯಲ್ಲಿ ದಖನಿ ಮಾತು, ಹುಡುಗಿ ಹೋಗುತ್ತಿದ್ದದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಗೆ. ನಾನು ಕನ್ನಡದವನೆಂದು ತಿಳಿದ ಕೂಡಲೇ ಅವಳ ತಾಯಿ ಬೀಬಿಜಾನಳ ಮುಖ ಅರಳಿತು. ಆಸ್ಪತ್ರೆಯಲ್ಲಿ ನಮ್ಮ ಮಾತಾಡುವವರು ಸಿಕ್ಕರೆ ಅರ್ಧ ಜ್ವರ ಇಳಿಯುತ್ತದೆ. ರುಕ್ಸಾನಾಳಿಗೆ ಮಾತ್ರ ನನ್ನ ಕನ್ನಡ ನಗೆಪಾಟಲು. "ಚಾಚಾ, ನೀವು ಹಾಡಿದಂಗ ಮಾತಾಡ್ತೀರಿ" ಎಂದಳು. ಆಗ ಅವಳ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ, ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ನಡೆಯಲು ಆಗುತ್ತಿರಲಿಲ್ಲ. ತಮಾಷೆಗೆ ಏನೂ ಕಡಿಮೆಯಿರಲಿಲ್ಲ.

ಅಷ್ಟು ಸಣ್ಣ ಮಕ್ಕಳು ಅಲುಗದೆ ಮಲಗುವುದಿಲ್ಲವೆಂದು ಆಗ ನಮ್ಮಲ್ಲಿ ಎಲ್ಲರಿಗೂ ಅರಿವಳಿಕೆ ಕೊಡುತ್ತಿದ್ದರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆ, ದಿನಾ ನಿದ್ದೆಯ ಔಷಧ. ಮೊದಲ ವಾರ ರುಕ್ಸಾನಾಳಿಗೂ ಹಾಗೆಯೇ ನಡೆಯಿತು. ಎರಡನೇ ವಾರ ಕೆಮ್ಮು ಶುರುವಾಯಿತು. ಎದೆಯಲ್ಲಿ ಕಫವಿರುವಾಗ ಅರಿವಳಿಕೆ ಕೊಟ್ಟರೆ ಉಸಿರಿಗೇ ಅಪಾಯ. ಅರಿವಳಿಕೆಯ ಮೇಡಂ ಖಡಾಖಂಡಿತವಾಗಿ ಬೇಡವೆಂದರು. ಕೆಮ್ಮು ಹೋಗಲು ಹತ್ತು ದಿನವಾದರೂ ಬೇಕು. ಆದರೆ ಕಿರಣದ ಚಿಕಿತ್ಸೆ ಮಧ್ಯದಲ್ಲಿ ಹತ್ತು ದಿನ ನಿಂತರೆ ಗಡ್ಡೆ ಸುಮ್ಮನಿರುವುದಿಲ್ಲ. ನಮ್ಮ ವಿಭಾಗದ ದೊಡ್ಡ ಡಾಕ್ಟರು ದೇಶಪಾಂಡೆ ಸರ್ ಹಣೆ ಉಜ್ಜಿಕೊಳ್ಳುತ್ತ ಇದನ್ನು ಹಿಂದಿಯಲ್ಲಿ ಬೀಬಿಜಾನಳಿಗೆ ವಿವರಿಸುತ್ತಿದ್ದರು. ಹುಡುಗಿ ಮಧ್ಯೆ ಬಾಯಿ ಹಾಕಿ ನನ್ನ ಕಡೆ ತಿರುಗಿದಳು.

"ನಿದ್ದಿ ಔಷಧ ಬ್ಯಾಡ್ರಿ. ನಾ ಹಂಗ ಮಲ್ಕೋತೀನಿ."

"ಮುಖಕ್ಕೆ ಜಾಳಿಗೆ ಹಾಕ್ತಾರೆ ಪುಟ್ಟಿ, ಅಲುಗಾಡಬಾರದು" ಎಂದೆ.

"ಅಲಗಂಗಿಲ್ಲ."

"ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಹೋಗ್ತೇವೆ. ಅಮ್ಮನೂ ಇರುವುದಿಲ್ಲ. ಒಳಗೆ ನೀನೊಬ್ಬಳೇ."

ಅವಳು ನನಗೇ ಏನೋ ಗೊತ್ತಿಲ್ಲವೆಂಬಂತೆ ನೋಡಿದಳು. "ಒಬ್ಬಾಕಿ ಹ್ಯಾಂಗಾಗ್ತೀನ್ರಿ? ಅಲ್ಲಾಗ ಬಾಗಲಾ ಅಡ್ಡ ಆಗ್ತದೇನು?"

ನಾನು ಇದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ದೇಶಪಾಂಡೆ ಸರ್ ಹಣೆ ಉಜ್ಜುವುದನ್ನು ನಿಲ್ಲಿಸಿದರು. ಒಂದು ಸಲ ನೋಡೋಣ ಎಂದರು. ಅಲುಗಿದರೆ ಅಲ್ಲಿಗೇ ಮುಗಿಯಿತು, ಕೆಮ್ಮು ಹೋಗುವ ತನಕ ನಿಲ್ಲಿಸುವುದೇ.

ಮರುದಿನ ಮಾಸ್ಕು ಹಾಕಿದೆವು. ಕೆಮ್ಮು ಬಂದರೆ ಅಥವಾ ತೊಂದರೆಯಾದರೆ ಕೈ ಎತ್ತು, ಯಂತ್ರ ನಿಲ್ಲಿಸುತ್ತೇವೆ ಎಂದು ಹೇಳಿಕೊಟ್ಟೆ. ಬಾಗಿಲು ಮುಚ್ಚಿ ಮೈಕಿನಲ್ಲಿ, "ಎರಡೇ ನಿಮಿಷ ಪುಟ್ಟಿ, ಆಯ್ತಾ?" ಎಂದೆ. ಪರದೆಯಲ್ಲಿ ನೋಡಿದರೆ ಮಗು ಮರದ ತುಂಡಿನ ಹಾಗೆ ಮಲಗಿತ್ತು. ಬಲಗೈ ಹೆಬ್ಬೆರಳು ಮಾತ್ರ ಮಿಕ್ಕ ಬೆರಳುಗಳ ಗೆಣ್ಣಿನ ಮೇಲೆ ನಿಧಾನವಾಗಿ ಒಂದೊಂದೇ ಮನೆ ಸರಿಯುತ್ತಿತ್ತು. ನಾನೂ ನನ್ನ ಜೊತೆಗಿದ್ದ ಸಾವಂತನೂ ಮುಖ ಮುಖ ನೋಡಿಕೊಂಡು ನಕ್ಕೆವು. ಅರ್ಧದಷ್ಟು ಮುಗಿಯುವ ಹೊತ್ತಿಗೆ ಹೆಬ್ಬೆರಳು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಕೈ ಮೇಲೆದ್ದಿತು. ಮೈಕಿನಲ್ಲಿ ನಾನು ಏನಾದರೂ ಹೇಳುವ ಮೊದಲೇ ಅವಳು ಎರಡೂ ಕೈಯಲ್ಲಿ ಮಾಸ್ಕು ಹಿಡಿದು ಎಳೆಯತೊಡಗಿದಳು. ಯಂತ್ರ ನಿಲ್ಲಿಸಿ ಓಡಿದೆವು. ಆ ದಿನದ ಚಿಕಿತ್ಸೆ ಅರ್ಧಕ್ಕೇ ನಿಂತಿತು.

ದೇಶಪಾಂಡೆ ಸರ್ ಕೇಳಿದಾಗ ನಾನು ಹೇಳಿದ್ದು ನಾಲ್ಕೇ ಶಬ್ದ. "ಬಚ್ಚಿ ಹಿಲ್ ಗಯೀ ಸರ್." ಮಗು ಅಲುಗಿತು, ಅಷ್ಟೆ. ಅವರು ತಲೆಯಾಡಿಸಿ, ಚಿಕಿತ್ಸೆ ನಿಲ್ಲಿಸಲು ಫೈಲು ತರಿಸಿದರು.

ಹೊರಗೆ ಬೆಂಚಿನ ಮೇಲೆ ಬೀಬಿಜಾನ್ ಅಳುತ್ತಿದ್ದಳು. ರುಕ್ಸಾನಾ ಅಳುತ್ತಿರಲಿಲ್ಲ. ಕೆಂಡದಂಥ ಸಿಟ್ಟಿನಲ್ಲಿ ಕೂತಿದ್ದಳು. ನಾನು ಸಮಾಧಾನ ಮಾಡಲು ಹೋದೆ.

"ಹೆದರಿಕೆ ಆಯ್ತಾ ಪುಟ್ಟಿ?"

"ಹೆದರಿಕಿ ಯಾಕ? ನೀವು ಸುಳ್ಳ ಹೇಳಿದ್ರಿ."

"ನಾನಾ?"

"ಎರಡ ನಿಮಿಷ ಅಂದ್ರಿ. ನಮ್ಮ ಅಬ್ಬಾ ಚರ್ಮಕ್ಕ ಅಂಟಿನ ಸೊಲ್ಯೂಷನ್ ಹಚ್ಚಿ ಎರಡ ನಿಮಿಷ ಗಡಿಯಾರ ನೋಡಿ ಆರಲಿಕ್ಕೆ ಬಿಡ್ತಾರ. ಅಷ್ಟರಾಗ ನಂದು ಎಂಟ ಸಲ ಸೂರಾ ಓದಿ ಆಗ್ತದ. ದಿನಾ ಆಗ್ತದ. ಇವತ್ತ ಎಂಟ ಆತು, ಹತ್ತ ಆತು, ಬೆರಳ ಪೂರಾ ಮುಗದ ಹನ್ನೆರಡ ಆತು. ನೀವು ಬರಲೇ ಇಲ್ಲ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಒಮ್ಮೆಲೇ ಸಣ್ಣದಾಯಿತು. "ನನ್ನ ಒಳಗ ಮರತ ಹೋದ್ರಿ ಅಂತ ಮಾಡಿದ್ದೆ."

ಅವಳ ಅಜ್ಜಿ ಕಲಿಸಿಕೊಟ್ಟ, ಕುರಾನಿನ ನಾಲ್ಕು ಸಾಲಿನ ಸಣ್ಣ ಸೂರಾ ಅದು. ಆಪರೇಷನ್ ಆದಂದಿನಿಂದ ಸೂಜಿಗೆ ಮೂರು ಸಲ, ಪಟ್ಟಿ ಬಿಚ್ಚುವಾಗ ಐದು ಸಲ ಎಂದು ಹುಡುಗಿ ಲೆಕ್ಕ ಇಟ್ಟುಕೊಂಡು ಓದುತ್ತಿತ್ತಂತೆ. ಎಷ್ಟು ನೋವಿದೆಯೆಂದು ಮೊದಲೇ ಗೊತ್ತಾದರೆ ಅಷ್ಟನ್ನೂ ತಡೆಯಲು ಅವಳು ತಯಾರಿದ್ದಳು. ನನ್ನಮ್ಮ ತುಳಸಿಕಟ್ಟೆಯ ಎದುರು ಹೀಗೆಯೇ ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸಿ ಜಪ ಎಣಿಸುತ್ತಿದ್ದಳು. ಪರದೆಯಲ್ಲಿ ಅದನ್ನೇ ಕಂಡೂ ನನಗೆ ಹೊಳೆಯಲಿಲ್ಲ. ನಾನು ನಕ್ಕಿದ್ದೆ! ಅಲುಗಿದ್ದು ಮಗುವೆಂದು ಹೇಳಿಯೂ ಬಂದಿದ್ದೆ. ನನಗೆ ಆ ದಿನ ಆದಷ್ಟು ನಾಚಿಕೆ ಇಡೀ ನೌಕರಿಯಲ್ಲಿ ಮತ್ತೆಂದೂ ಆಗಲಿಲ್ಲ.

ದೇಶಪಾಂಡೆ ಸರ್ ಅವರ ಕೋಣೆಗೆ ವಾಪಸು ಹೋದೆ. ಪೆನ್ನು ಅವರ ಕೈಯಲ್ಲೇ ಇತ್ತು. ನಿಂತುಕೊಂಡೇ ನಡೆದದ್ದನ್ನು ಹೇಳಿದೆ. ಹದಿನೆಂಟು ವರ್ಷ ಕೆಲಸ ಮಾಡಿದ ಟೆಕ್ನಿಶಿಯನ್ನು ನಾನು, ಏಳು ವರ್ಷದ ಮಗುವಿಗೆ ಸುಳ್ಳು ಹೇಳಿ, ತಪ್ಪನ್ನೂ ಅದರ ತಲೆಗೇ ಕಟ್ಟಿದ್ದೇನೆ ಎಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. "ತೋ ಫಿರ್ ಬಚ್ಚಿ ನಹೀಂ ಹಿಲೀ ವಸಂತ್, ತೂ ಹಿಲಾ" ಎಂದರು. ಹಾಗಾದರೆ ಅಲುಗಿದ್ದು ಮಗುವಲ್ಲ, ನೀನು. ಆಮೇಲೆ ಪೆನ್ನಿನ ಟೋಪಿ ಮುಚ್ಚಿ, "ನಾಳೆ ಇನ್ನೊಂದು ಸಲ. ಅದೇ ಕೊನೆ" ಎಂದರು.

ಆ ಮಧ್ಯಾಹ್ನ ಊಟ ಬಿಟ್ಟು ನಾನೂ ರುಕ್ಸಾನಾಳೂ ಗೋಡೆ ಗಡಿಯಾರದ ಕೆಳಗೆ ಕೂತೆವು. ಅವಳು ಮನಸ್ಸಿನಲ್ಲೇ ಓದುತ್ತ ಬೆರಳು ಸರಿಸಿದಳು, ನಾನು ಸೆಕೆಂಡು ಎಣಿಸಿದೆ. ಹತ್ತು ಸಲ ಓದಿಸಿದರೂ ಹತ್ತೂ ಸಲ ಒಂದೇ ವೇಗ. ನಮ್ಮ ಆಸ್ಪತ್ರೆಯ ಗಡಿಯಾರವೇ ಅಷ್ಟು ಸರಿಯಿರಲಿಲ್ಲ. ನಾನು ಅವಳ ಚಿಕಿತ್ಸೆಯ ಕಾಗದ ಎದುರಿಗಿಟ್ಟುಕೊಂಡು ಪ್ರತಿ ಹಂತದ ಹೊತ್ತನ್ನು ಅವಳ ಸೂರಾಕ್ಕೆ ಬದಲಾಯಿಸಿದೆ. ಮೊದಲು ಒಂಬತ್ತು. ಆಮೇಲೆ ಯಂತ್ರ ಗುರ್ರೆನ್ನುತ್ತ ತಿರುಗುತ್ತದೆ, ಅದಕ್ಕೆ ನಾಲ್ಕು. ಮತ್ತೆ ಒಂಬತ್ತು. ಕೊನೆಗೆ ಆರು. ಒಟ್ಟು ಇಪ್ಪತ್ತೆಂಟು.

"ಇಪ್ಪತ್ತೆಂಟಾ?" ಎಂದು ಬೀಬಿಜಾನ್ ಎದೆ ಮೇಲೆ ಕೈಯಿಟ್ಟಳು.

"ಇಪ್ಪತ್ತೆಂಟ ಅಂದ್ರ ಇಪ್ಪತ್ತೆಂಟ, ಅಮ್ಮೀ" ಎಂದು ಮಗಳು ತಾಯಿಗೇ ಧೈರ್ಯ ಹೇಳಿದಳು. ನನ್ನ ಕಡೆ ಬೆರಳು ತೋರಿಸಿ, "ಇಪ್ಪತ್ತೊಂಬತ್ತ ಮಾಡಬ್ಯಾಡ್ರಿ ಮತ್ತ" ಎಂದು ಎಚ್ಚರಿಕೆಯನ್ನೂ ಕೊಟ್ಟಳು.

ಮರುದಿನ ಕಂಟ್ರೋಲ್ ರೂಮಿನಲ್ಲಿ ಜಾಗವಿರಲಿಲ್ಲ. ದೇಶಪಾಂಡೆ ಸರ್, ಅರಿವಳಿಕೆಯ ಮೇಡಂ, ಇಬ್ಬರು ನರ್ಸುಗಳು, ಎಲ್ಲರೂ ಪರದೆಯ ಮುಂದೆ. ನಾನು ಮೈಕಿನಲ್ಲಿ "ರುಕ್ಸಾನಾ, ಒಂಬತ್ತು" ಎಂದೆ. ಹೆಬ್ಬೆರಳು ಹೊರಟಿತು. "ಈಗ ತಿರುಗುತ್ತದೆ, ನಾಲ್ಕು." "ಮತ್ತೆ ಒಂಬತ್ತು." ನನ್ನ ಬನಿಯನ್ನು ಬೆನ್ನಿಗೆ ಅಂಟಿಕೊಂಡಿತ್ತು. "ಕೊನೇದು, ಆರು." ಯಂತ್ರ ನಿಲ್ಲುವುದಕ್ಕೂ ಹೆಬ್ಬೆರಳು ನಿಲ್ಲುವುದಕ್ಕೂ ಒಂದು ಉಸಿರಿನಷ್ಟು ಅಂತರವಿರಲಿಲ್ಲ. ಅರಿವಳಿಕೆಯ ಮೇಡಂ, ಸಾಮಾನ್ಯವಾಗಿ ಯಾರನ್ನೂ ಹೊಗಳದ ಹೆಂಗಸು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಕನ್ನಡಕವನ್ನಲ್ಲ, ಕಣ್ಣನ್ನು.

ಆಮೇಲೆ ಅವಳಿಗೆ ಒಂದು ದಿನವೂ ನಿದ್ದೆಯ ಔಷಧ ಬೇಕಾಗಲಿಲ್ಲ. ಸುಲಭವಾಗಿತ್ತು ಎಂದುಕೊಳ್ಳಬೇಡಿ. ನಾಲಿಗೆಗೆ ರುಚಿ ಹೋಯಿತು. ಒಂದು ದಿನ ಮೇಜಿನ ಮೇಲೆ ಮಲಗುವ ಮೊದಲೇ ವಾಂತಿ ಮಾಡಿಕೊಂಡಳು. ಇವತ್ತು ಬೇಡ ಎಂದು ನಾನೇ ಅಂದೆ. ಅವಳು ಮುಖ ತೊಳೆಸಿಕೊಂಡು, ಎರಡು ನಿಮಿಷ, ಅಂದರೆ ಅವಳ ಲೆಕ್ಕದ ನಿಜವಾದ ಎರಡು ನಿಮಿಷ, ಕಣ್ಣು ಮುಚ್ಚಿ ಕೂತು, "ಈಗ ಹಾಕ್ರಿ" ಎಂದಳು.

ಮೂರನೇ ವಾರದಲ್ಲಿ ಮಲಾಡಿನ ಸಂಜೀವಣ್ಣ ಬಂದರು. ನಮ್ಮೂರ ಕಡೆಯವರು, ಹೋಟೆಲಿನ ಮಾಲೀಕರು, ಅರುವತ್ತರ ಪ್ರಾಯದ ಭೀಮಕಾಯ. ಗಂಟಲಿನ ಕ್ಯಾನ್ಸರ್. ಮಾಸ್ಕು ಹಾಕಿದರೆ ಸಾಕು, ಕಿತ್ತೆಸೆದು ಎದ್ದು ಬರುತ್ತಿದ್ದರು. ಎರಡು ಸಲ ಹಾಗಾಯಿತು. ಮೂರನೇ ದಿನ ಬೆಂಚಿನ ಮೇಲೆ ಕೂತು, "ನನ್ನಿಂದ ಆಗುದಿಲ್ಲ ವಸಂತಣ್ಣ. ಸತ್ರೆ ಸಾಯ್ತೇನೆ. ಆ ಜಾಲಿ ಹಾಕಿದ್ರೆ ಬೋರ್‌ವೆಲ್ಲಿಗೆ ಬಿದ್ದ ಹಾಗೆ ಆಗ್ತದೆ ಮಾರಾಯ್ರೆ" ಎಂದರು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ರುಕ್ಸಾನಾ ಕನ್ನಡ ಕೇಳಿ ತಿರುಗಿದಳು.

"ನಿಮಗ ಯಾವುದು ಬಾಯಿಪಾಠ ಐತಿ?"

ಸಂಜೀವಣ್ಣ ಗಲಿಬಿಲಿಗೊಂಡರು. "ಎಂತ ಬಾಯಿಪಾಠ?"

"ನಿಮ್ಮ ದೇವರದು."

ಅವರು ಬಹಳ ಹೊತ್ತು ಯೋಚಿಸಿ, ತಪ್ಪು ಒಪ್ಪಿಕೊಳ್ಳುವವರಂತೆ, "ಪೂಜೆ ಎಲ್ಲ ಭಟ್ರೇ ಮಾಡುದು ಮಗಾ. ನನಗೆ ಒಂದೂ ಬರುದಿಲ್ಲ" ಎಂದರು. "ಹನ್ನೆರಡನೇ ವಯಸ್ಸಿಂದ ಹೋಟೆಲು. ಬಾಯಿಪಾಠ ಅಂತ ಇದ್ರೆ ಅದೊಂದೇ, ಮೆನು."

"ಅನ್ರಿ ನೋಡೋಣು."

ಮಾಲೀಕರಾಗಿ ಮೂವತ್ತು ವರ್ಷವಾದ ಮನುಷ್ಯ ಒಮ್ಮೆಲೇ ವೇಟರ್ ಆಗಿಬಿಟ್ಟರು. "ಇಡ್ಲಿ, ಮೆದುವಡಾ, ಇಡ್ಲಿವಡಾ, ಸಾದಾ, ಮಸಾಲಾ, ಮೈಸೂರ್ ಸಾದಾ, ಮೈಸೂರ್ ಮಸಾಲಾ, ರವಾ ಸಾದಾ, ರವಾ ಮಸಾಲಾ, ಉತ್ತಪ್ಪಾ, ಉಪ್ಮಾ, ಶಿರಾ!" ಒಂದೇ ಉಸಿರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ರುಕ್ಸಾನಾ ನಗಲಿಲ್ಲ. ಬೆರಳಿನ ಮೇಲೆ ಎಣಿಸಿ, "ಹನ್ನೆರಡು. ಗೆಣ್ಣಿಗೆ ಸರಿ ಆತು. ನಿಧಾನ ಅನ್ರಿ, ಮನಸಿನ್ಯಾಗ. ಎಷ್ಟ ಸಲ ಅಂತ ಚಾಚಾ ಹೇಳ್ತಾರ. ಈಗ ಅವರು ಸುಳ್ಳ ಹೇಳಂಗಿಲ್ಲ" ಎಂದಳು.

ನಾನು ಗಡಿಯಾರ ಹಿಡಿದು ಮೆನು ಅಳೆದೆ. ಆ ದಿನ ಸಂಜೀವಣ್ಣನ ಮುಖದ ಮೇಲೆ ಮಾಸ್ಕು ಕೊನೆಯವರೆಗೂ ನಿಂತಿತು. ಹೊರಗೆ ಬಂದು, "ಅಷ್ಟು ಸಣ್ಣ ಮಗು ಮಲಗ್ತದೆ, ನಾನು ಎದ್ದು ಓಡಿದ್ರೆ ಮರ್ಯಾದೆ ಉಂಟಾ?" ಎಂದರು. ಮರುದಿನದಿಂದ ಬರುವಾಗಲೇ, "ಇವತ್ತು ಎಷ್ಟು ಮೆನು ಮಾರಾಯ್ರೆ?" ಎಂಬ ಪ್ರಶ್ನೆ. ಚಿಕಿತ್ಸೆ ಪೂರ್ತಿ ಮಾಡಿಕೊಂಡರು. ಮತ್ತೆ ಆರು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಅವರ ಹೋಟೆಲಿನಲ್ಲಿ ರುಕ್ಸಾನಾಳ ಮನೆಯವರಿಗೆ ಯಾವತ್ತೂ ಬಿಲ್ಲು ಬರಲಿಲ್ಲ.

ನಮ್ಮ ಕೆಲಸದ ಕ್ರಮ ಬದಲಾದದ್ದು ಹೀಗೆ. ದೇಶಪಾಂಡೆ ಸರ್ ಸಣ್ಣ ಮಕ್ಕಳಿಗೆಲ್ಲ ಮೊದಲು ಎರಡು ದಿನ ಎಚ್ಚರದಲ್ಲೇ ಮಲಗುವ ಅಭ್ಯಾಸ ಮಾಡಿಸಿ ನೋಡಬೇಕೆಂದರು. ಎಲ್ಲರಿಗೂ ಆಗಲಿಲ್ಲ, ಆಗದಿದ್ದವರಿಗೆ ಅರಿವಳಿಕೆ ಇದ್ದೇ ಇತ್ತು. ಆದರೆ ಆದವರೂ ಬಹಳ. ಸಾವಂತ ಪ್ರತಿ ಫೈಲಿನ ಮೂಲೆಯಲ್ಲಿ ಪೆನ್ಸಿಲಿನಿಂದ "ಯಾದ್ ಕ್ಯಾ ಹೈ?" ಎಂದು ಬರೆದು, ಎದುರಿಗೆ ರೋಗಿಗೆ ಬಾಯಿಪಾಠ ಬರುವುದನ್ನು ತುಂಬಿಸತೊಡಗಿದ. ಒಬ್ಬಳಿಗೆ ಏಳರ ಮಗ್ಗಿ, ಒಬ್ಬ ಅಜ್ಜಿಗೆ ಮೊಮ್ಮಕ್ಕಳ ಹೆಸರು, ಮೋಟರ್‌ಮನ್ ಆಗಿ ನಿವೃತ್ತರಾದವರೊಬ್ಬರಿಗೆ ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ಸ್ಟೇಷನ್ನುಗಳು. "ಬೋರಿವಲಿ ತನಕ ಸ್ಲೋ, ಮುಂದೆ ನಿಮ್ಮಿಷ್ಟ" ಎಂದು ನಾನು ಮೈಕಿನಲ್ಲಿ ಹೇಳಿದರೆ ಮಾಸ್ಕಿನೊಳಗೇ ನಗುತ್ತಿದ್ದರು, ನಗಬೇಡಿ ಎಂದು ಗದರಬೇಕಾಗುತ್ತಿತ್ತು. ನನ್ನ ಕೈಕೆಳಗೆ ಕಲಿತವರು ಈಗ ಬೇರೆ ಬೇರೆ ಆಸ್ಪತ್ರೆಗಳಲ್ಲಿದ್ದಾರೆ, ಅಲ್ಲಿಯೂ ಕೇಳುತ್ತಾರಂತೆ. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಮುಚ್ಚಿಡುವುದಿಲ್ಲ. ಆದರೆ ನನ್ನ ಮೇಜಿಗೆ ಇದನ್ನು ತಂದವಳು ಆ ಹುಡುಗಿ, ನಾನು ಹೊತ್ತು ತಿರುಗಿದೆ ಅಷ್ಟೆ.

ರುಕ್ಸಾನಾ ಈಗ ದೊಡ್ಡವಳು. ಆ ಚಿಕಿತ್ಸೆಯಿಂದ ಎತ್ತರ ಹೆಚ್ಚು ಬೆಳೆಯಲಿಲ್ಲ, ಎಡಗಿವಿ ಸ್ವಲ್ಪ ಮಂದ. ಧಾರಾವಿಯ ತನ್ನ ಗಲ್ಲಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಬಲಗಡೆಯಿಂದ ಮಾತಾಡಿ ಎಂದು ಎಲ್ಲರಿಗೂ ಜೋರು ಮಾಡುತ್ತಾಳೆ. ಈದಿಗೆ ಫೋನು ತಪ್ಪುವುದಿಲ್ಲ.

ಶ್ರಾವ್ಯಾ, ಯಂತ್ರದ ವಿಷಯ ನಿನಗೆ ನಿನ್ನ ಪುಸ್ತಕ ಹೇಳಿಕೊಡುತ್ತದೆ. ಈಗಿನ ಯಂತ್ರಗಳು ನಮ್ಮದಕ್ಕಿಂತ ಎಷ್ಟೋ ಚುರುಕು. ನಾನು ಹೇಳಬೇಕಾದದ್ದು ಆ ಮಗುವಿನ ಮೂವತ್ತನೆಯ ದಿನದ ಸಂಗತಿ.

ಕೊನೆಯ ದಿನಗಳಲ್ಲಿ ಗಡ್ಡೆಯಿದ್ದ ಜಾಗಕ್ಕಷ್ಟೇ ಕಿರಣ. ಹೊತ್ತು ಅರ್ಧಕ್ಕಿಳಿದಿತ್ತು. ಕೊನೆಯ ದಿನ ನಾನು ಮೈಕಿನಲ್ಲಿ "ರುಕ್ಸಾನಾ, ಹದಿನಾಲ್ಕು" ಎಂದೆ. ಹೆಬ್ಬೆರಳು ಹೊರಟಿತು. ಆ ದಿನ ಯಂತ್ರ ಏನು ಖುಷಿಯಲ್ಲಿತ್ತೋ, ಸ್ವಲ್ಪ ಬೇಗನೇ ಮುಗಿಸಿ ನಿಂತಿತು. ನಾವೆಲ್ಲ ಬಾಗಿಲು ತೆಗೆದು ಒಳಗೆ ನುಗ್ಗಿದೆವು. ನರ್ಸುಗಳು ಚಪ್ಪಾಳೆ ತಟ್ಟಿದರು, ಸಾವಂತ ಪೇಢೆ ಹಿಡಿದಿದ್ದ. ನಾನು ಮಾಸ್ಕಿನ ಕ್ಲಿಪ್ಪಿಗೆ ಕೈ ಹಾಕಿದೆ. ಅವಳು ಎಡಗೈ ಎತ್ತಿ ತಡೆದಳು.

ನಾವು ನಿಂತೆವು. ಚಪ್ಪಾಳೆ ನಿಂತಿತು. ಬಲಗೈ ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ಸ್ವಲ್ಪ ಹೊತ್ತು ಇದ್ದು, ಮುಂದಿನದಕ್ಕೆ ಸರಿದು, ನಿಂತಿತು. ಆಮೇಲೆ ಎಡಗೈ ಕೆಳಗಿಳಿಯಿತು. ಮಾಸ್ಕು ತೆಗೆದೆ. ಕೆನ್ನೆಯ ಮೇಲೆಲ್ಲ ಜಾಳಿಗೆಯ ಗುರುತು.

"ಮುಗಿದಿತ್ತಲ್ಲ ಪುಟ್ಟಿ, ಯಾಕೆ ತಡೆದೆ?" ಎಂದೆ.

"ನಂದು ಹದಿಮೂರ ಆಗಿತ್ರಿ. ನೀವು ಹದಿನಾಲ್ಕ ಅಂದಿದ್ರಿ" ಎಂದಳು. "ನಿಮ್ಮ ಮಾತ ಸುಳ್ಳ ಆಗಬಾರದಂತ ಇನ್ನೊಂದ ಓದಿದೆ. ಅದು ನಿಮ್ಮ ಹೆಸರಿಗೆ."